ಬಾಯಿ ತಪ್ಪಿ ‘ಬರ್ತೀನಿ’ ಅಂದದ್ದು

ಹೊಸ ಚಪ್ಪಲಿ ಮಳೆಯಲ್ಲಿ ನೆನೆದರೆ ಎಂಥ ವಾಸನೆ ಬರುತ್ತದೆಂದು ಮೆಟ್ಟಿದವರಿಗೆ ಹೇಳಬೇಕಾಗಿಲ್ಲ. ಮೊನ್ನೆ ಹೊಸಪೇಟೆಯ ಬಜಾರಿನಲ್ಲಿ ಕೊಂಡ ಜೋಡು ಮನೆ ಮುಟ್ಟುವುದರೊಳಗೆ ತೊಯ್ದು ತೊಪ್ಪೆಯಾಯಿತು. ಪಡಸಾಲೆಯಲ್ಲಿ ಬಿಟ್ಟದ್ದೇ ತಡ, ಸೊಸೆ ಮೂಗಿಗೆ ಸೆರಗು ಹಿಡಿದು, “ಮಾವಾರ, ಒಂದೋ ಅದನ್ನ ಹೊರಗ ಇಡ್ರಿ, ಇಲ್ಲಾ ನಮ್ಮನ್ನ ಹೊರಗ ಹಾಕ್ರಿ” ಎಂದಳು. ಚಪ್ಪಲಿ ಹೊರಗೆ ಹೋಯಿತು. ನಾನು ಮಾತ್ರ ಆ ಹಸಿ ತೊಗಲಿನ ವಾಸನೆಯ ಬೆನ್ನು ಹತ್ತಿ ಕಂಪ್ಲಿಯ ಹೊಳೆದಂಡೆಗೆ ಹೋಗಿಬಿಟ್ಟೆ. ಆಗಿನ ಹರಿಗೋಲುಗಳಿಗೆ ತೊಗಲನ್ನೇ ಹೊದಿಸುತ್ತಿದ್ದರು ನೋಡಿ, ದಂಡೆಗೆಲ್ಲ ಇದೇ ವಾಸನೆ.

ನಾನಾಗ ಇಪ್ಪತ್ತೆರಡು ವರ್ಷದ ಮಾಸ್ತರ. ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿದ್ದ ಕಾಲ. ಹೊಳೆಯ ಆಚೆ ದಡ ನಿಜಾಮರದು. ಕಂಪ್ಲಿಯ ಶಾಲೆಯಲ್ಲಿ ಕೆಲಸ, ಒಂದು ಕೋಣೆಯಲ್ಲಿ ವಾಸ, ಕೈಯಡಿಗೆ. ಅಡಿಗೆ ಎಂದೆನೇ? ನನ್ನ ಅನ್ನದ ಕೆಳಗಿನ ಅರ್ಧ ಸೀದು, ಮೇಲಿನ ಅರ್ಧ ಅಕ್ಕಿಯಾಗಿಯೇ ಉಳಿಯುತ್ತಿತ್ತು. ನನಗೆ ಗೊತ್ತಿಲ್ಲದ್ದು ಲೋಕದಲ್ಲಿ ಬಲು ಕಡಿಮೆ ಎಂಬ ನಂಬಿಕೆ ಮಾತ್ರ ಚೆನ್ನಾಗಿ ಬೆಂದಿತ್ತು.

ಆ ಶ್ರಾವಣದಲ್ಲಿ, ಆಚೆ ದಡದ ಗದ್ದೆಗಳಿಗೆ ನಾಟಿ ಹಚ್ಚಲು ಹೊರಟವರ ಹರಿಗೋಲು ನಡುಹೊಳೆಯಲ್ಲಿ ಮಗುಚಿತು. ಒಂದೇ ದಿನ ಒಂಬತ್ತು ಮನೆಗಳಲ್ಲಿ ಸಾವು. ಅದು ಮುಳುಗಿದ್ದು ಯಾರ ನೀರಿನಲ್ಲಿ ಎಂದು ಎರಡೂ ದಡದ ಅಧಿಕಾರಿಗಳು ಮೂರು ದಿನ ವಾದಿಸಿದರು. ನಗುವಂಥದ್ದನ್ನು ಹೇಳುತ್ತೇನೆಂದು ಕೂತವನು ಇದೊಂದನ್ನು ಹೇಳದೆ ಮುಂದೆ ಹೋಗಲಾರೆ: ಆ ಮನೆಗಳ ಮುಂದೆ ಹಾದು ಶಾಲೆಗೆ ಹೋಗಲು ನನಗೆ ಕಾಲೇ ಬರುತ್ತಿರಲಿಲ್ಲ. ಬಳಸುದಾರಿ ಹಿಡಿಯುತ್ತಿದ್ದೆ.

ಸಾವಾದ ಮನೆಗೆ ಹೋಗಿ ಕೂತು ಬರುವುದಕ್ಕೆ ನಮ್ಮ ಕಡೆ ‘ಮಾತಾಡಿಸಿ ಬರುವುದು’ ಎನ್ನುತ್ತಾರೆ. ಈ ವಿದ್ಯೆಯಲ್ಲಿ ಕಂಪ್ಲಿಗೆ ಗುರುವೆಂದರೆ ಅಕ್ಕಿ ಅಂಗಡಿಯ ಬಸಲಿಂಗಪ್ಪನವರು. ಅವರು ಹೋಗಿ, ಕಂಬಕ್ಕೊರಗಿ ಕೂತು, ಒಂದಿಷ್ಟು ಕೆಮ್ಮಿ, “ಎಮ್ಮಿ ಹಾಲು ಕೊಡ್ತೈತೇನು?” ಎಂದು ಕೇಳುವರು. ಸ್ವಲ್ಪ ಹೊತ್ತು ಬಿಟ್ಟು, “ಉಂಡ್ರೇನು?” ಎನ್ನುವರು. ಮುಗಿಯಿತು. ಇಷ್ಟಕ್ಕೇ ಆ ಮನೆಯವರು ಮನಸಾರೆ ಅತ್ತು ಹಗುರಾಗುತ್ತಿದ್ದರು. ಈ ಸಲ ಒಂಬತ್ತು ಮನೆ ತಮ್ಮೊಬ್ಬರಿಂದ ಆಗದೆಂದು, “ಓದಿದೋರು ಬರ್ರಿ, ನಾಲ್ಕು ಮಾತಾಡ್ರಿ” ಎಂದು ನನ್ನನ್ನೂ ಕರೆದರು. ಎಮ್ಮೆಯ ವಿಚಾರಣೆಯಿಂದ ದುಃಖ ಶಮನವಾಗುವುದುಂಟೇ ಎಂದು ನಾನು ಮನಸ್ಸಿನಲ್ಲೇ ನಕ್ಕು, ಒಂದು ಭಾಷಣ ಬರೆದು ಬಾಯಿಪಾಠ ಮಾಡಿಕೊಂಡು ಹೋದೆ.

ಮೊದಲ ಮನೆಯಲ್ಲಿ ಗಂಟಲು ಸರಿಮಾಡಿಕೊಂಡು, “ಈ ಬದುಕೆಂಬುದು ನೀರ ಮೇಲಿನ ಗುಳ್ಳೆ...” ಎಂದು ಶುರುಮಾಡಿದೆ. ಹೆಂಗಸರು ಗೊಳೋ ಎಂದು ಅಳತೊಡಗಿದರು. ತಪ್ಪು ತಿದ್ದಲು ಹೋಗಿ, “ಸಂಸಾರವೆಂಬ ಸಾಗರವನ್ನು ದಾಟುವಾಗ...” ಎಂದೆ. ಬಸಲಿಂಗಪ್ಪನವರು ನನ್ನ ತೊಡೆ ಚಿವುಟಿದರು. ನೀವೇ ಯೋಚಿಸಿ, ಸಮಾಧಾನಕ್ಕೆಂದು ನಮ್ಮ ಹಿರಿಯರು ಕಟ್ಟಿಟ್ಟ ಮಾತುಗಳಲ್ಲಿ ಮುಕ್ಕಾಲು ಪಾಲು ನೀರಿನವೇ. ಶಿವ ದಡ ಸೇರಿಸುತ್ತಾನೆ, ಗುರು ಕೈಹಿಡಿದು ದಾಟಿಸುತ್ತಾನೆ. ಮುಳುಗಿ ಸತ್ತವರ ಮನೆಯಲ್ಲಿ ಅವುಗಳಲ್ಲಿ ಒಂದನ್ನಾದರೂ ಹೇಗೆ ಆಡುವುದು? ಹೊರಗೆ ಬಂದ ಮೇಲೆ ಬಸಲಿಂಗಪ್ಪನವರು ಮೆಲ್ಲಗೆ, “ಮಾಸ್ತರ, ನೀರು ಬಿಟ್ಟು ಬ್ಯಾರೆ ಏನರ ಇದ್ರ ಮಾತಾಡ್ರಿ. ಇಲ್ಲಂದ್ರ ಸುಮ್ಕ ಕುಂದ್ರಿ” ಎಂದರು. ಮುಂದಿನ ಮನೆಗಳಲ್ಲಿ ಸುಮ್ಮನೆ ಕೂತು, ಅವರ ಹಿಂದೆ ಸುಮ್ಮನೆ ಎದ್ದು ಬಂದೆ.

ಕೊನೆಯದು ಗಂಗವ್ವನ ಮನೆ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಇದ್ದ ಒಬ್ಬಳೇ ಮಗಳು ನೀಲವ್ವ ಆ ಹರಿಗೋಲಿನಲ್ಲಿ ಹೋದಳು. ಅಂದಿನಿಂದ ಮುದುಕಿ ಬಾಯಿ ಬಿಟ್ಟಿರಲಿಲ್ಲ, ಒಲೆ ಹಚ್ಚಿರಲಿಲ್ಲ. ನೆರೆಯವರು ಒತ್ತಾಯದಿಂದ ಕುಡಿಸಿದ ಒಂದೆರಡು ಗುಟುಕು ಬಿಟ್ಟರೆ, ತಂದಿಟ್ಟ ಅಂಬಲಿ ಇಟ್ಟಲ್ಲೇ ಹಳಸುತ್ತಿತ್ತು. “ಹಿಂಗಾ ಕುಂತ್ರ ಈಕಿ ಭಾಳ ದಿನ ಉಳಿಯಂಗಿಲ್ಲ” ಎಂದು ಬಸಲಿಂಗಪ್ಪನವರು ದಾರಿಯಲ್ಲೇ ಹೇಳಿದ್ದರು. ಅಲ್ಲಿ ಅವರ ಎಮ್ಮೆಯೂ ನಡೆಯಲಿಲ್ಲ. ಗೋಡೆ ನೋಡುತ್ತ ಕೂತವಳು ನೋಡುತ್ತಲೇ ಇದ್ದಳು. ನಾವು ಎದ್ದೆವು. ಹೊಸ್ತಿಲು ದಾಟುವಾಗ ನನ್ನ ಬಾಯಿಂದ ಸರಾಗವಾಗಿ ಬಂದೇಬಿಟ್ಟಿತು: “ಹೋಗಿ ಬರ್ತೀನವ್ವ.”

ಸಾವಿನ ಮನೆಯಿಂದ ಹಾಗೆ ಹೇಳಿ ಏಳಬಾರದು. ‘ಬರ್ತೀನಿ’ ಎಂದರೆ ಇಂಥದ್ದಕ್ಕೇ ಇನ್ನೊಮ್ಮೆ ಬರುತ್ತೇನೆಂದು ಹರಸಿದ ಹಾಗೆ. ನನಗೂ ಇದು ಗೊತ್ತಿತ್ತು. ಆದರೆ ಚಿಕ್ಕಂದಿನಲ್ಲಿ ‘ಹೋಗ್ತೀನಿ’ ಎಂದಾಗಲೆಲ್ಲ ನನ್ನ ತಾಯಿ ಬಾಯಿಯ ಮೇಲೆ ಬಡಿದು ‘ಬರ್ತೀನಿ ಅನ್ನು’ ಎಂದು ತಿದ್ದಿದ ನಾಲಿಗೆ ಅದು. ಮನೆ ಯಾವುದೆಂದು ಅದೇನು ನೋಡೀತು?

“ಏನಂದ್ರಿ ಮಾಸ್ತರ!” ಬೀದಿಯಲ್ಲಿ ಬಸಲಿಂಗಪ್ಪನವರು ಹಣೆಗೆ ಕೈ ಹಚ್ಚಿ ನಿಂತರು. “ಬರ್ತೀನಿ ಅಂದ ಮ್ಯಾಲ ಯಾರರ ಬರಬೇಕು. ನೀವು ಹೋಗಲಿಲ್ಲಂದ್ರ ಅದು ಬರ್ತೈತಿ.”

“ಯಾವುದ್ರಿ?”

“ಮತ್ಯಾವುದು? ನಾಳಿ ನೀವಾ ಹೋಗಿ ಕುಂತು, ಬಾಯಿ ಮುಚ್ಗೊಂಡು ಎದ್ದು ಬರ್ರಿ. ಅಲ್ಲಿಗೆ ಆ ಮಾತು ತೀರ್ತೈತಿ.”

ಮರುದಿನ ಶಾಲೆ ಬಿಟ್ಟ ಮೇಲೆ ಹೋದೆ. ದಾರಿಯುದ್ದಕ್ಕೂ ‘ಏನೂ ಅನ್ನಬಾರದು, ಏನೂ ಅನ್ನಬಾರದು’ ಎಂದು ಜಪಿಸಿದ್ದೆ. ಏಳುವಾಗ “ಬರ್ತೀ...” ಎಂಬಷ್ಟು ಹೊರಬಿದ್ದ ಮೇಲೆ ತುಟಿ ಕಚ್ಚಿಕೊಂಡೆ. ಬಸಲಿಂಗಪ್ಪನವರು ಯೋಚಿಸಿ, “ಅರ್ಧ ಅಂದ್ರೂ ಅಂದಂಗಾ” ಎಂದು ತೀರ್ಪು ಕೊಟ್ಟರು. ಮೂರನೆಯ ದಿನ ಪೂರ್ತಿ ಅಂದೆ. ಹೀಗೆ ಒಂದು ತಪ್ಪನ್ನು ತೀರಿಸಲು ಹೋಗಿ ಇನ್ನೊಂದನ್ನು ಮಾಡುತ್ತ ಎಂಟು ದಿನ ನಡೆದೆ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ನೀರಿನ ಮಾತು ಆಡುವ ಹಾಗಿಲ್ಲ. ಆದ್ದರಿಂದ ನನ್ನ ಗೋಳನ್ನೇ ಹೇಳಿಕೊಳ್ಳತೊಡಗಿದೆ. ಇನ್‌ಸ್ಪೆಕ್ಟರು ಬಂದಾಗ ಹುಡುಗರೆಲ್ಲ ಏಳರ ಮಗ್ಗಿ ಮರೆತದ್ದು, ಇವತ್ತಿನ ಅನ್ನವೂ ಸೀದದ್ದು. ಮುದುಕಿ ಗೋಡೆ ನೋಡುತ್ತಿದ್ದಳು. ಗೋಡೆಗೆ ನನ್ನ ಅಡಿಗೆಯ ವಿಷಯ ಪೂರ್ತಿ ತಿಳಿದಿತ್ತು.

ಒಂಬತ್ತನೆಯ ದಿನ ಗೆದ್ದೆ. ಎರಡು ಅಡಿಕೆ ಬಾಯಿಗೆ ಹಾಕಿಕೊಂಡು, ಹಲ್ಲು ಬಿಗಿದು, ಎದ್ದೆ. ಹೊಸ್ತಿಲು ದಾಟಿದೆ, ಕಟ್ಟೆ ಇಳಿದೆ, ಒಂದಕ್ಷರವೂ ಬೀಳಲಿಲ್ಲ. ಪರೀಕ್ಷೆ ಪಾಸಾದವನಂತೆ ಹತ್ತು ಹೆಜ್ಜೆ ನಡೆದಿದ್ದೆ. ಹಿಂದಿನಿಂದ ತುಕ್ಕು ಹಿಡಿದಂಥ ಒಂದು ದನಿ ಬಂತು.

“ಯಾಕಪ್ಪ ಮಾಸ್ತರ, ನಾಳಿ ಬರಂಗಿಲ್ಲೇನು?”

ತಿರುಗಿದೆ. ಗಂಗವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ಬಾಯಲ್ಲಿ ಅಡಿಕೆ. ಕಣ್ಣಲ್ಲಿ ನೀರು ಬಂದದ್ದು ಅಡಿಕೆಯಿಂದಲ್ಲ.

“ಎಲ್ಲಾರೂ ಬಂದ್ರು, ಕುಂತ್ರು, ಸುಮ್ಕ ಎದ್ದು ಹೋದ್ರು. ನೀಲಿನೂ ಅವತ್ತು ಅವಸರದಾಗ ಹಂಗಾ ಹೋದ್ಲು, ಬರ್ತೀನಿ ಅನ್ನಲಿಲ್ಲ. ನೀನೊಬ್ಬನ ಅಂತಿದ್ದಿ. ಇವತ್ತು ನೀನೂ ಅನ್ನಲಿಲ್ಲ.”

“ಬರ್ತೀನವ್ವ” ಎಂದೆ. ಅಡಿಕೆ ಉಗುಳಿ, ಸ್ಪಷ್ಟವಾಗಿ ಇನ್ನೊಮ್ಮೆ ಅಂದೆ.

“ಬರೋದಾದ್ರ ಒಂದು ಸೇರು ಜ್ವಾಳದ ಹಿಟ್ಟು ತೊಗೊಂಡು ಬಾ. ಒಲಿ ಹಚ್ಚಿ ರೊಟ್ಟಿ ಬಡೀತೀನಿ. ಆ ಹಸಿ ಅನ್ನ ತಿಂದು ತಿಂದು ನೀನೂ ಸತ್ತುಗಿತ್ತೀ.”

ಅಲ್ಲಿಂದ ಓಡಿದವನು ಬಸಲಿಂಗಪ್ಪನವರ ಅಂಗಡಿಯಲ್ಲೇ ನಿಂತೆ. ನಡೆದದ್ದನ್ನೆಲ್ಲ ಹೇಳಿ, “ಮತ್ತ ಅಂದುಬಿಟ್ಟೆನ್ರಿ, ಈಗೇನು ಮಾಡ್ಲಿ?” ಎಂದು ಕೇಳಿದೆ. ಅವರು ಬಹಳ ಹೊತ್ತು ಅಕ್ಕಿಯಲ್ಲಿ ಕೈಯಾಡಿಸುತ್ತ ಕೂತರು. ಎಪ್ಪತ್ತು ವರ್ಷ ಪಾಲಿಸಿದ ಪದ್ಧತಿ ಅದು. ಆಮೇಲೆ ಎದ್ದು ರುಮಾಲು ಸುತ್ತಿಕೊಂಡು, “ನಡೀರಿ ಮಾಸ್ತರ, ಅಂದು ಬರೂಣು. ಇನ್ನ ಎಂಟು ಮನಿ ಅದಾವು” ಎಂದರು.

ಇಷ್ಟು ಜಂಬದಿಂದ ಹೇಳಿಕೊಂಡ ಮೇಲೆ ಒಂದನ್ನು ಒಪ್ಪಿಕೊಳ್ಳಲೇಬೇಕು. ಹೋದ ತಿಂಗಳು ಸಂಡೂರಿನ ನನ್ನ ಹಳೆಯ ಗೆಳೆಯನ ಹೆಂಡತಿ ತೀರಿಕೊಂಡಳು. ನಾಲ್ಕು ಜನ ಹಿರಿಯರ ಜೊತೆ ಹೋಗಿದ್ದೆ. ಈಗ ನಾನೂ ಹಿರಿಯ. ನಾಲಿಗೆ ಹದ್ದುಬಸ್ತಿಗೆ ಬಂದಿದೆ. ಪದ್ಧತಿಯಂತೆ ಎಲ್ಲರ ಜೊತೆ ಸದ್ದಿಲ್ಲದೆ ಎದ್ದು ಬಂದೆ. ಬೀದಿ ತಿರುವಿನಲ್ಲಿ ಹಿಂದೆ ನೋಡಿದಾಗ ಅವನು ಬಾಗಿಲಲ್ಲೇ ನಿಂತಿದ್ದ. ಅವನೇಕೆ ನಿಂತಿದ್ದನೆಂದು ಇದನ್ನು ಬರೆಯುತ್ತ ಕೂತಾಗ ಹೊಳೆಯಿತು, ನಾಚಿಕೆಯೂ ಆಯಿತು. ಸಂಡೂರಿನ ಬಸ್ಸಿಗೆ ಇನ್ನೂ ಹೊತ್ತಿದೆ. ಹೋಗಿ ಕೂತು ಏನು ಮಾತಾಡಬೇಕೋ ಇವತ್ತಿಗೂ ನನಗೆ ತಿಳಿಯದು. ಏಳುವಾಗ ಏನನ್ನಬೇಕೆಂಬುದು ಮಾತ್ರ ಗೊತ್ತು.