ಅವ್ವ ಹಿಡಿದ ಪ್ಲೈವುಡ್

ಹೊಸಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಇವತ್ತು ಪ್ಲೈವುಡ್ ಕೊಯ್ಯಲು ಬೇಕೆಂದು ಹೇಳಿ ಅಗ್ಗದ ಗರಗಸವೊಂದನ್ನು ಕೈಗೆತ್ತಿಕೊಂಡೆ.

"ಪ್ಲೈವುಡ್ಡಿಗೆ ಅದು ಬ್ಯಾಡ್ರಿ ಅಕ್ಕಾರ, ಹಲ್ಲು ಭಾಳ ದೊಡ್ಡವು. ಹಲಗಿ ಯಾರು ಹಿಡಿದ್ರೂ ಅಂಚು ಸಿಬಿರು ಏಳತೈತಿ. ಸಣ್ಣ ಹಲ್ಲಿಂದು ಒಯ್ರಿ," ಅಂದ ಅಂಗಡಿಯವ.

ಯಾರು ಹಿಡಿದರೂ! ಕಂಪ್ಲಿಯ ನಮ್ಮ ಪಡಸಾಲೆಯ ಮರದ ಹುಡಿಯ ವಾಸನೆ ಮೂಗಿಗೆ ಬಡಿದಂತಾಯಿತು. ಅಪ್ಪನದೂ ಇಂಥದೇ ಗರಗಸ, ಸೌದೆ ಕೊಯ್ಯಲೆಂದು ತಂದದ್ದು. ಮನೆಯ ಕಪಾಟು, ದೇವರ ಗೂಡು ಎಲ್ಲಕ್ಕೂ ಪ್ಲೈವುಡ್ ಕೊಯ್ದದ್ದು ಅದರಲ್ಲೇ. ಅವ್ವ ಹಲಗೆಯ ಮೇಲೆ ಮೊಣಕಾಲೂರಿ, ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಅಂಚು ಕಿತ್ತು ಬಂದಾಗಲೆಲ್ಲ ಅಪ್ಪ, "ನೆಟ್ಟಗ ಹಿಡೀಲಿಕ್ಕೂ ಬರಂಗಿಲ್ಲೇನು ನಿನಗ?" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಮನೆಗೆ ಬಂದವರಿಗೆ ಕಪಾಟಿನ ಸಿಬಿರೆದ್ದ ಅಂಚು ತೋರಿಸಿ, "ಇದು ಇಕಿ ಕೈಗುಣ ನೋಡ್ರಿ," ಎಂದು ನಗುತ್ತಿದ್ದ. ಗರಗಸದ ಮೇಲೆ ಅವನಿಗೆ ಒಮ್ಮೆಯೂ ಅನುಮಾನ ಬರಲಿಲ್ಲ. ಆ ಸಿಬಿರಿಗೆ ಸಿಕ್ಕಿ ಹರಿದದ್ದೆಲ್ಲ ಅವ್ವನ ಸೀರೆಗಳೇ.

ಅಪ್ಪ ಈಗಿಲ್ಲ. ಸಂಜೆ ಸಣ್ಣ ಹಲ್ಲಿನ ಗರಗಸ ಹೊರತೆಗೆದು, "ಬಾರವ್ವಾ, ಹಲಗಿ ಒಂಚೂರು ಹಿಡಕೊ," ಎಂದೆ.

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನಾ ಬ್ಯಾಡವ್ವಾ. ನಾ ಹಿಡಿದ್ರ ಕೆಡತೈತಿ."