ಗುಳ್ಳೆ ಏಳದ ದಾಕು

ಆ ಮೀನಿನ ಮಾತನ್ನು ನಾನೇ ಕೇಳಿದ್ದೋ, ಅಕ್ಕ ಆಮೇಲೆ ಹೇಳಿ ಹೇಳಿ ನನ್ನ ಕಿವಿಯಲ್ಲಿ ಕೂರಿಸಿದ್ದೋ, ಈಗ ಖಂಡಿತವಾಗಿ ಹೇಳಲಾರೆ. ನಲವತ್ತರ ದಶಕದ ಒಂದು ಬೇಸಿಗೆ. ಮದರಾಸಿನ ಕಾಲೇಜಿನಿಂದ ರಜೆಗೆ ಬಂದವನು ಕುಂದಾಪುರದಲ್ಲಿ ಜಿಲ್ಲಾ ಬೋರ್ಡಿನ ಸದಸ್ಯರೊಬ್ಬರ ಜಗಲಿಯಲ್ಲಿ ಕೂತಿದ್ದೆ ಎಂದು ನನ್ನ ನೆನಪು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡು ಬಂದವರು ಅವರು. ಸಿಡುಬು ದೇವಿಯ ಮುನಿಸಲ್ಲ, ಬರೀ ರೋಗ ಎಂದು ನಮಗೆ ಕಲಿಸಿದವರೂ ಅವರೇ. ಅವರ ಚುನಾವಣೆಗೆ ನಾನು ಮನೆಮನೆ ತಿರುಗಿದ್ದೆ.

ಬೈಂದೂರಿನ ಕಡೆ ಸಿಡುಬು ಕಾಣಿಸಿಕೊಂಡಿತ್ತು. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವವನು ಔಷಧಿಯ ಕೊಳವೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಣ್ಣಿನ ಗಡಿಗೆಯಲ್ಲಿಟ್ಟುಕೊಂಡು ಅಂದೇ ಕೆರಾಡಿಗೆ ಹೊರಟವನು ಜಗಲಿಯ ಮುಂದೆ ನಿಂತಿದ್ದ. ಅಕ್ಕನ ಗಂಡನ ಮನೆ ಅಲ್ಲಿ. ಅವಳ ಹೆಣ್ಣುಮಗುವಿಗೆ ಇನ್ನೂ ದಾಕು ಹಾಕಿಸಿರಲಿಲ್ಲ.

"ಹ್ವಾಯ್, ಅಷ್ಟ್ ಗಡಿಬಿಡಿ ಎಂತ?" ಎಂದರು ಸದಸ್ಯರು. "ಹಾಲಾಡಿಲಿ ಚಪ್ಪರ ಹಾಕ್ಸ್ತೆ. ಎಲ್ಲರೂ ಅಲ್ಲಿಗೇ ಬರ್ಲಿ. ಬ್ರಹ್ಮಾವರದ ಸಭೆಯೆಲ್ಲ ಮುಗ್ಸಿ ನಾನ್ ಬತ್ತೆ. ನಾನ್ ಬಂದ್ ಮೇಲೇ ಶುರು."

"ಈ ಶೆಕೆಗೆ ಔಷಧಿ ಹಾಳಾತ್ತ್, ಒಡೆಯಾ."

"ಹಾಳಾಪುಕೆ ಅದೆಂತ ಮೀನಾ, ಮಾರಾಯಾ?"

ಜಗಲಿಯೆಲ್ಲ ನಕ್ಕಿತು. ದಾಕಿನವನ ವರ್ಗಾವಣೆ ಅವರ ಒಂದು ಮಾತಿನಲ್ಲಿತ್ತು. ಅವನು ಗಡಿಗೆಯನ್ನು ಕೆಳಗಿಟ್ಟ.

ಸಭೆಗಳು ಬೇಗ ಮುಗಿಯಲಿಲ್ಲ. ಕೊನೆಗೆ ಹಾಲಾಡಿಯ ಚಪ್ಪರದಲ್ಲಿ ಹಾರ, ಭಾಷಣ, ಆಮೇಲೆ ದಾಕು. ಅಕ್ಕ ಮಗುವನ್ನೆತ್ತಿಕೊಂಡು ಕೆರಾಡಿಯಿಂದ ನಡೆದೇ ಬಂದಿದ್ದಳು. ವಾರ ಕಳೆದು ನಾನು ಅವಳ ಮನೆಗೆ ಹೋದಾಗ ಮಗುವಿನ ತೋಳು ತೋರಿಸಿದಳು.

"ಕಾಣ್ ತಮ್ಮಾ, ಜರವೂ ಬರ್ಲಿಲ್ಲೆ, ಗುಳ್ಳೆಯೂ ಏಳ್ಲಿಲ್ಲೆ. ಅವ್ರ್ ಎದ್ರಿಗೇ ನಿಂತ್ ಹಾಕ್ಸಿದ್ದ್ ಅಲ್ದಾ!"

ಅಲ್ಲಿಯ ತಾಯಂದಿರೆಲ್ಲ ಹೀಗೇ ಹಿಗ್ಗಿದ್ದರು. ತೋಳು ಬಾತು, ಗುಳ್ಳೆಯೆದ್ದು, ಮಗು ಒಂದಿಷ್ಟು ನರಳಿದರೇ ದಾಕು ಹಿಡಿಯಿತೆಂದು ಅರ್ಥ. ಅದನ್ನು ಅವರಿಗಾಗಲಿ ನನಗಾಗಲಿ ಆಗ ಯಾರೂ ಹೇಳಿರಲಿಲ್ಲ. ಮತ್ತೆ ಬಂದು ತೋಳು ನೋಡಬೇಕಾಗಿದ್ದ ದಾಕಿನವನನ್ನು ಸದಸ್ಯರು ಮುಂದಿನ ಚಪ್ಪರಕ್ಕೆಂದು ಬೈಂದೂರಿಗೆ ಕರೆದೊಯ್ದಿದ್ದರು.

ಮಳೆಗೆ ಮುಂಚೆಯೇ ಕೆರಾಡಿಗೆ ಸಿಡುಬು ಬಂತು. ಮಗು ಉಳಿಯಿತು. ಒಂದು ಕಣ್ಣು ಹೋಯಿತು.

ಅದೇ ಜಗಲಿಗೆ ಹೋಗಿ ಅವರನ್ನು ಕೇಳಿದೆ.

"ದಾಕು ಹಾಕ್ಸಿದ್ದೆ ಅಲ್ದಾ? ಮತ್ತೆ ಆ ತಾಯಿ ಮನ್ಸ್," ಎಂದು ಕಣ್ಣು ಮುಚ್ಚಿ ಕೈ ಮುಗಿದರು.

ದೇವಿಯಲ್ಲ, ರೋಗ ಎಂದು ನಮಗೆ ಹೇಳಿಕೊಟ್ಟ ಅದೇ ಬಾಯಿ. ಆ ಮೆಟ್ಟಿಲನ್ನು ನಾನು ಮತ್ತೆ ಹತ್ತಲಿಲ್ಲ.

ಮೀನಿನ ಮಾತು ಅವರು ನಿಜವಾಗಿ ಆಡಿದ್ದರೇ? ಕೈ ಮುಗಿದದ್ದು ನನ್ನ ಸಿಟ್ಟು ಆಮೇಲೆ ಸೇರಿಸಿದ್ದೇ? ಪ್ರಮಾಣ ಮಾಡಲಾರೆ. ಒಂದನ್ನು ಮಾತ್ರ ಪರೀಕ್ಷಿಸಿ ನೋಡಿದ್ದೇನೆ. ಅಕ್ಕನ ಮಗಳು ಮದುವೆಯಾಗಿ ತಲ್ಲೂರಿಗೆ ಬಂದ ಮೇಲೆ, ಅವಳ ಮನೆಯಲ್ಲಿ, ತೋಳು ತೋರಿಸು ಎಂದೆ. "ಎಂತಕ್ಕೆ ಮಾವಾ?" ಎಂದು ನಗುತ್ತ ಸೆರಗು ಸರಿಸಿದಳು. ಮುಖದ ಹಾಗೆ ಅಲ್ಲೂ ಸಿಡುಬಿನ ಸಣ್ಣ ಕಲೆಗಳಿದ್ದವು. ಹಿಡಿದ ದಾಕು ಬಿಟ್ಟುಹೋಗುವ ಗುಂಡಗಿನ ದೊಡ್ಡ ಕಲೆ ಎರಡು ತೋಳಿನಲ್ಲೂ ಇರಲಿಲ್ಲ.