ಜೋಡಿ ಅಕ್ಕನ ಗಂಡನ ನಲವತ್ತೈದು

ಜೋಡಿ ಅಕ್ಕನಷ್ಟು ಚುರುಕು ಕಣ್ಣಿನವಳನ್ನು ನಾನು ಕಂಡಿಲ್ಲ. ಕಿಟಕಿಯೇ ಇಲ್ಲದ ನಮ್ಮ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಹದಿನಾರು ವರ್ಷದಿಂದ ಅವಳದು ಒಂದೇ ಕೆಲಸ: ಇಲಿಯ ಕ್ರೋಮೋಸೋಮುಗಳ ಫೋಟೋ ಕತ್ತರಿಸಿ, ಜೋಡಿ ಹುಡುಕಿ, ಹಾಳೆಗೆ ಅಂಟಿಸುವುದು. ಆ ಹೆಸರು ಬಂದದ್ದೂ ಹಾಗೇ.

ಬೆಟ್ಟದ ಈಚೆಯ ಇಲಿಗೆ ನಲವತ್ತು ಕ್ರೋಮೋಸೋಮು. ಆಚೆಯದಕ್ಕೆ ಹೆಚ್ಚಿನವು ಎರಡೆರಡು ಅಂಟಿಕೊಂಡು ಇಪ್ಪತ್ತೆರಡು. ಎರಡನ್ನೂ ಕೂಡಿಸಿದರೆ ಮರಿಯೇನೋ ಹುಟ್ಟುತ್ತದೆ, ಆ ಮರಿಗೆ ಮರಿಯಾಗುವುದು ಮಾತ್ರ ಬಲು ಕಷ್ಟ. ಹೀಗೆ ಅತ್ತಿಂದಿತ್ತ ಜೀನುಗಳ ಓಡಾಟ ನಿಂತು, ಕಾಲ ಕಳೆದಂತೆ ಎರಡೂ ಬೇರೆ ಬೇರೆ ಪ್ರಭೇದಗಳೇ ಆಗಿಬಿಡುತ್ತವೆ. ಹೊಸಬರಿಗೆಲ್ಲ ಇದನ್ನು ಬಿಡಿಸಿ ಹೇಳುತ್ತಿದ್ದವಳು ಅವಳೇ.

ಅವಳಿಗೆ ಮೂರು ಸಲ ಬಸಿರು ನಿಲ್ಲಲಿಲ್ಲ. "ಈ ತಿಂಗಳು ಮುಗಿಯೋದ್ರೊಳಗೆ ತವರಿಗೆ ಹೊರಡು" ಎಂದು ಅತ್ತೆ ಗಡುವು ಕೊಟ್ಟರು. ಡಾಕ್ಟರು ಗಂಡಹೆಂಡಿರ ರಕ್ತ ಪರೀಕ್ಷೆ ಮಾಡಿಸಿದಾಗ ಅವಳದು ನಲವತ್ತಾರು, ಸರಿಯಾಗಿಯೇ ಇತ್ತು. ಗಂಡನದು ನಲವತ್ತೈದು; ಎರಡು ಅಂಟಿಕೊಂಡಿದ್ದವು. ಆಸಾಮಿ ಗುಂಡುಕಲ್ಲಿನ ಹಾಗಿದ್ದಾನೆ, ಲೆಕ್ಕ ತಪ್ಪುವುದು ಮಗುವಿಗೆ ಹಂಚುವಾಗ.

"ಅಮ್ಮಂಗೆ ಮಾತ್ರ ಹೇಳ್ಬೇಡ ಕಣೇ, ನನ್ನ ಮರ್ಯಾದೆ ಹೋಗುತ್ತೆ" ಎಂದನಂತೆ. ಅವನ ಮರ್ಯಾದೆಗಿಷ್ಟು ಬೆಂಕಿ ಹಾಕ! ಹೇಳಿದರೆ ಗಂಡ ಕೈಬಿಡುತ್ತಾನೆ, ಹೇಳದಿದ್ದರೆ ಮನೆ ಬಿಡಬೇಕು. ಅಕ್ಕ ಅಳಲೂ ಇಲ್ಲ. ಇಲಿಯ ಹಾಳೆಗಳ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

"ಬಾಯಿ ಬಿಡಕ್ಕಾ" ಎಂದು ದಿನಾ ಪೀಡಿಸಿದೆ. ಕೊನೆಗೊಂದು ದಿನ ಅತ್ತೆಯನ್ನೂ ರಕ್ತ ಕೊಡಲು ನಮ್ಮ ಪ್ರಯೋಗಾಲಯಕ್ಕೇ ಕರೆದಳು.

"ತಗೊಳ್ಳಿ, ಎಷ್ಟು ಬೇಕಾದ್ರೂ ತಗೊಳ್ಳಿ. ನಮ್ಮ ಕಡೆ ಒಂದು ಐಬಿಲ್ಲ!" ಎಂದು ಆಯಮ್ಮ ತೋಳು ಚಾಚಿದರು.

ವಾರದ ನಂತರ ಹಾಳೆ ನೋಡಲು ಬಂದರು. ನಲವತ್ತಾರು.

"ನಾನು ಹೇಳ್ಲಿಲ್ವಾ?" ಎಂದು ಬೀಗಿದರು.

ಅಕ್ಕ ಅದರ ಪಕ್ಕದಲ್ಲೇ ಮಗನ ಹಾಳೆ ಇಟ್ಟು, ಅಂಟಿದ್ದರ ಮೇಲೆ ಬೆರಳಿಟ್ಟಳು.

"ಮೂರೂ ಹೋಗಿದ್ದು ಇದರಿಂದ ಅತ್ತೆ."

"ನನ್ನಲ್ಲಿ ಇಲ್ಲದ್ದು ಅವನಿಗೆಲ್ಲಿಂದ ಬಂತು?"

"ಮಾವನಿಂದಲೇ ಇರ್ಬೇಕು."

ಮಾವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆಯಮ್ಮ ಸ್ಟೂಲಿನ ಮೇಲೆ ಕೂತು, ಅಕ್ಕನ ಕೈ ಹಿಡಿದುಕೊಂಡರು.

"ನೀನೆಲ್ಲಿಗೂ ಹೋಗೋದು ಬೇಡ" ಎಂದರು. ಆಮೇಲೆ ತಮ್ಮ ಹಾಳೆಯನ್ನು ಕೈಗೆತ್ತಿಕೊಂಡರು. "ಇವನಿಗಿಂತ ಮುಂಚೆ ನನಗೆ ನಾಲ್ಕು ಹೋದ್ವು ಕಣೇ. ನಮ್ಮತ್ತೆ ಸಾಯೋವರೆಗೂ ನನ್ನನ್ನ ಪಾಪಿ ಅಂತಾನೇ ಕರೆದ್ರು. ಈ ಹಾಳೇನ ಈಗ ಯಾರಿಗೆ ತೋರಿಸ್ಲಿ?"